ಒಂದೇ ಬೇಸ್, ಹಳೇ ತಂತಿ, ಒಂದು ತುಂಡು ಸ್ಪಂಜು

ಭಾವಗೀತೆಗೆ ಒಂದು, ಸಿನಿಮಾ ಹಾಡಿಗೆ ಒಂದು, ಗಾಸ್ಪೆಲ್‌ಗೆ ಮತ್ತೊಂದು ಅಂತ ಬೇಸ್ ಗಿಟಾರ್ ಹೊತ್ತು ತಿರುಗೋದು ಬಿಟ್ಟು ಎರಡು ಮೂರು ವರ್ಷವಾಯ್ತು. ಈಗ ಬಹುತೇಕ ರೆಕಾರ್ಡಿಂಗ್ ಸೆಷನ್‌ಗೆ ನಾಲ್ಕು ತಂತಿಯ ಪ್ರಿಸಿಷನ್ ಅನ್ನೋ ಮಾದರಿಯ ಬೇಸ್ ಒಂದೇ. ಫ್ಲ್ಯಾಟ್‌ವೂಂಡ್ (ಚಪ್ಪಟೆ ಪಟ್ಟಿ ಸುತ್ತಿದ, ನುಣುಪಾದ) ತಂತಿ, ತಂತಿಯ ತುದಿ ಕೂರುವ ಬ್ರಿಡ್ಜ್ ಪಕ್ಕ ತಂತಿಯಡಿ ಪಾತ್ರೆ ತಿಕ್ಕುವ ಸ್ಪಂಜಿನ ತುಂಡು, ಚೂಪು ನಾದ ತಗ್ಗಿಸೋ ಟೋನ್ ನಾಬ್ ಅರ್ಧಕ್ಕಿಂತ ಕೆಳಗೆ. "ಇದೇನ್ ಸಾರ್, ಮ್ಯೂಸಿಯಂ ಪೀಸಾ?" ಅಂತ ನಕ್ಕಿದ್ದ ಎಂಜಿನಿಯರೇ ಈಗ ಟೇಕ್‌ಗೆ ಮುಂಚೆ "ಸ್ಪಂಜ್ ತಂದ್ರಾ?" ಅಂತ ಕೇಳ್ತಾನೆ.

ಇಲ್ಲಿಗೆ ಬರುವಷ್ಟರೊಳಗೆ ಕಳಕೊಂಡ ದುಡ್ಡು ಕಡಿಮೆಯೇನಲ್ಲ. ಐದು ತಂತಿಯ ಆಕ್ಟಿವ್ (ಒಳಗೆ ಬ್ಯಾಟರಿ ಇರೋ) ಬೇಸ್‌ಗೆ ಹತ್ತಿರತ್ತಿರ 70 ಸಾವಿರ ಸುರಿದೆ; ಮಾರುವಾಗ 40 ದಾಟಲಿಲ್ಲ. ನಾದದ ಏರಿಳಿತ ಸಮ ಮಾಡೋ ಕಂಪ್ರೆಸರ್ ಪೆಡಲಿಗೆ ಇನ್ನೊಂದು 12 ಸಾವಿರ. ವೇದಿಕೆಯಲ್ಲಿ ಅಬ್ಬರ, ರೆಕಾರ್ಡಿಂಗಿನಲ್ಲಿ ತಬಲಾ ಜೊತೆ ಜಗಳ. ರೌಂಡ್‌ವೂಂಡ್ (ದುಂಡು ತಂತಿ ಸುತ್ತಿದ, ಒರಟಾದ) ತಂತಿಯ ನಾದ ಎಳೆದುಕೊಂಡೇ ಹೋಗುತ್ತೆ, ತಬಲಾದ ಎಡಗೈ ಡಗ್ಗಾದ ಮೀಂಡ್, ಅಂದರೆ ಜಾರುವ ನಾದ, ಅದರಡಿ ಮುಳುಗುತ್ತೆ. ಎಂಜಿನಿಯರ್ ಬೇಸ್ ಇಳಿಸ್ತಾನೆ, ಹಾಡಿಗೆ ಬುಡವೇ ಇಲ್ಲದಂತಾಗುತ್ತೆ. ಸ್ಪಂಜ್ ಇಟ್ಟರೆ ಸ್ವರ 'ದುಂ' ಅಂದು ಜಾಗ ಬಿಡುತ್ತೆ.

ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ 1960ರ ದಶಕದಲ್ಲೇ ಫ್ಲ್ಯಾಟ್‌ವೂಂಡ್, ಫೋಮ್, ಒಂದೇ ಬೆರಳಲ್ಲಿ ಇದನ್ನೆಲ್ಲ ಮಾಡಿ ಮುಗಿಸಿದ್ದರು. ಅವರಿಗೆ ನಮ್ಮ ಶ್ರುತಿಯ ಕಾಟ ಇರಲಿಲ್ಲ ಅಷ್ಟೆ. ಗಾಯಕರು ಶ್ರುತಿ ಕಪ್ಪು ಎರಡು (ಹಾರ್ಮೋನಿಯಂನ ಎರಡನೇ ಕಪ್ಪು ಮನೆ) ಅಂದರೆ ಷಡ್ಜ ನಮ್ಮ ಅತಿ ಕೆಳಗಿನ ಸ್ವರದ ಇ ತಂತಿಗಿಂತ ಅರ್ಧ ಸ್ವರ ಕೆಳಗೆ. ನಾಲ್ಕೂ ತಂತಿ ಅಷ್ಟು ಇಳಿಸಿದರೆ ಷಡ್ಜ ಖಾಲಿ ತಂತಿಯಲ್ಲೇ ಸಿಗುತ್ತೆ. ನಾನು ಹಾಕಿರೋ ಫ್ಲ್ಯಾಟ್‌ವೂಂಡ್ ಬಿಗಿ ಜಾಸ್ತಿ, ಇಳಿಸಿದರೂ ಜೋತಾಡಲ್ಲ. ಇನ್ನೂ ಕೆಳಗಿನ ಸ್ವರಕ್ಕೆ ಅಂತ ಇರೋ ಐದನೇ ತಂತಿಯ ಹಂಗು ಅಲ್ಲಿಗೆ ಮುಗೀತು.

ಫೋನಿನ ಸ್ಪೀಕರಲ್ಲೂ ಕೇಳಿಸಬೇಕಲ್ಲ, ಅದಕ್ಕೆ ಬೇಸ್‌ನ ನಾದವನ್ನ 700–800 ಹರ್ಟ್ಸ್ ಸುತ್ತ ಎಂಜಿನಿಯರ್ ಕೈಲಿ ಕೊಂಚ ಎತ್ತಿಸ್ತೀನಿ. ಎಷ್ಟು ಎತ್ತಬೇಕು, ಸ್ಪಂಜ್ ಎಷ್ಟು ದಪ್ಪ ಕತ್ತರಿಸಬೇಕು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮನೆ ನಡೀಬೇಕು.

ನಡುವೆ ಹಳೇ ಬೇಸೊಂದರ ಫ್ರೆಟ್ (ಸ್ವರಸ್ಥಾನದ ಲೋಹದ ಪಟ್ಟಿ) ಕಿತ್ತು, ಸೀಳುಗಳಿಗೆ ವುಡ್ ಫಿಲ್ಲರ್ ತುಂಬಿ ಗಮಕಕ್ಕೆ ಕೈ ಹಾಕಿದ್ದೆ. ತೋಡಿಯ ಗಾಂಧಾರ ಚೆನ್ನಾಗೇ ಬಂತು. ಹೆಡ್‌ಫೋನಿನಲ್ಲಿ ಅದನ್ನೇ ಆಧಾರ ಮಾಡಿಕೊಂಡ ಗಾಯಕಿ ಮಾತ್ರ ಶ್ರುತಿ ಬಿಟ್ಟು ತೇಲಿಹೋದರು. ಆ ಬೇಸ್ ಈಗ ಅಟ್ಟದ ಮೇಲಿದೆ.

ಟಪಾಂಗುಚ್ಚಿಗೆ ಸ್ಲ್ಯಾಪ್ (ಹೆಬ್ಬೆರಳಲ್ಲಿ ತಂತಿ ಬಡಿದು ನುಡಿಸೋದು) ಬೇಕೆಂದರೆ, ಮೆಟಲ್ ಹುಡುಗರು ಕರೆದರೆ, ರೌಂಡ್‌ವೂಂಡ್ ಹಾಕಿದ ಇನ್ನೊಂದು ಬೇಸೇ ಗತಿ. ಅದರ ಹಳೇ ತಂತಿ ಬಿಚ್ಚಿ ಹತ್ತು ನಿಮಿಷ ನೀರಲ್ಲಿ ಕುದಿಸಿ ಒರೆಸಿ ಹಾಕಿದರೆ ಒಂದೆರಡು ಸೆಷನ್‌ಗೆ ಮತ್ತೆ ಖಣಖಣ ಅನ್ನುತ್ತೆ, ಎರಡೂವರೆ ಸಾವಿರ ಉಳೀತು. ಫ್ಲ್ಯಾಟ್‌ವೂಂಡ್ ಸೆಟ್‌ಗೆ ಐದು ಸಾವಿರದ ಹತ್ತಿರ ಕೊಟ್ಟ ನೆನಪು. ಹಾಕಿದ ಮೇಲೆ ಬಿಚ್ಚಿಲ್ಲ.