ಮನಿಲಾ ನೋಡೋದು ಹೇಗೆ: ಹಿತ್ತಾಳೆ ಹೆಜ್ಜೆಯಿಂದ ತಾಮ್ರಪಟದವರೆಗೆ

ಫಿಲಿಪೀನ್ಸ್‌ನಲ್ಲಿ ಮೆಡಿಕಲ್ ಓದುವ ಮಕ್ಕಳನ್ನು ನೋಡಲು ಹೋದ ನಮ್ಮವರು ಮಾಲ್ ಸುತ್ತಿ, ಒಣಮಾವಿನ ಪೊಟ್ಟಣ ಕಟ್ಟಿಸಿಕೊಂಡು ವಾಪಸ್ ಬರುತ್ತಾರೆ. ಒಂದು ದಿನ ಮನಿಲಾಗೆ ಅಂತ ಎತ್ತಿಡಿ. ಸೋಮವಾರ ಮಾತ್ರ ಬೇಡ, ಅವತ್ತು ನ್ಯಾಷನಲ್ ಮ್ಯೂಸಿಯಂಗೆ ರಜೆ. ಕನ್ನಡಿಗರು ತಪ್ಪದೇ ನೋಡಬೇಕಾದ ವಸ್ತು ಇರೋದೇ ಅಲ್ಲಿ.

ಬಿಸಿಲು ಏರುವ ಮೊದಲೇ ಇಂಟ್ರಾಮುರೋಸ್ ಸೇರಿಕೊಳ್ಳಿ. ಎಲ್‌ಆರ್‌ಟಿ-1 ರೈಲಿನ ಸೆಂಟ್ರಲ್ ಟರ್ಮಿನಲ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ನಮ್ಮ ಮಾತಲ್ಲಿ ಹೇಳೋದಾದ್ರೆ ಇದು ಕೋಟೆಯೊಳಗಿನ ಊರು, ಸ್ಪೇನಿನ ಲೆಗಾಜ್ಪಿ 1571ರಲ್ಲಿ ಕಟ್ಟಿದ್ದು. ಅದಕ್ಕೂ ಮೊದಲು ಇಲ್ಲಿ ರಾಜಾ ಸುಲೈಮಾನನ ಮರದ ಕೋಟೆಯಿತ್ತು. ಕಲೇಸ ಅನ್ನುವ ಕುದುರೆಗಾಡಿಯವರು ಕರೆಯುತ್ತಾರೆ. ಹತ್ತುವುದಾದರೆ ಬಾಡಿಗೆ ಗಾಡಿಗೋ ತಲೆಗೋ ಅಂತ ಮೊದಲೇ ಮಾತಾಡಿಕೊಳ್ಳಿ. ನನ್ನ ಕೇಳಿದರೆ ನಡೆಯೋದೇ ವಾಸಿ.

ಮೊದಲು ಫೋರ್ಟ್ ಸ್ಯಾಂಟಿಯಾಗೊ. ಸ್ಪೇನಿನ ಆಡಳಿತವನ್ನು ಟೀಕಿಸಿ ಬರೆದ ಕಣ್ಣಿನ ಡಾಕ್ಟರು, ಕಾದಂಬರಿಕಾರ, ಫಿಲಿಪೀನ್ಸಿನ ರಾಷ್ಟ್ರವೀರ ಹೊಸೆ ರಿಸಾಲ್‌ರನ್ನು 1896ರಲ್ಲಿ ಕೂಡಿಹಾಕಿದ್ದು ಇಲ್ಲೇ. ಸಾಯುವ ಹಿಂದಿನ ದಿನ ತಮ್ಮ ಕೊನೆಯ ಪದ್ಯವನ್ನು ಒಂದು ಸಣ್ಣ ಸ್ಪಿರಿಟ್ ಸ್ಟವ್ ಒಳಗೆ ಬಚ್ಚಿಟ್ಟು, ಕಾವಲಿನವರಿಗೆ ತಿಳಿಯದಿರಲಿ ಅಂತ "ಒಳಗೆ ಏನೋ ಇದೆ" ಎಂದು ತಂಗಿಗೆ ಇಂಗ್ಲಿಷಲ್ಲಿ ಹೇಳಿದರಂತೆ. ಮಾರನೇ ದಿನ, ಡಿಸೆಂಬರ್ 30ರಂದು, ಗುಂಡಿಟ್ಟು ಕೊಂದರು. ಆಗ ಅವರಿಗೆ 35 ವರ್ಷ. ಅವರು ನಡೆದುಹೋದ ದಾರಿಯಲ್ಲಿ ಹಿತ್ತಾಳೆಯ ಹೆಜ್ಜೆಗುರುತು ಕೂರಿಸಿದ್ದಾರೆ. ಅದರ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳೋರೇ ಜಾಸ್ತಿ. ನೀವು ಸುಮ್ನೆ ಪಕ್ಕದಲ್ಲಿ ನಡೆದು ಬನ್ನಿ.

ಅಲ್ಲಿಂದ ಸ್ಯಾನ್ ಅಗಸ್ಟಿನ್ ಚರ್ಚ್. 1607ರಲ್ಲಿ ಮುಗಿದ ಕಲ್ಲಿನ ಕಟ್ಟಡ. 1945ರಲ್ಲಿ ಅಮೆರಿಕನ್ನರು ಮತ್ತು ಜಪಾನೀಯರ ಕಾಳಗದಲ್ಲಿ ಈ ಕೋಟೆಯೊಳಗಿನ ಏಳು ಚರ್ಚುಗಳಲ್ಲಿ ನಿಂತದ್ದು ಇದೊಂದೇ. ಒಂದು ತಿಂಗಳಲ್ಲಿ ಸುಮಾರು 1 ಲಕ್ಷ ಜನಸಾಮಾನ್ಯರು ಸತ್ತರು. ಒಳಗೆ ಹೋಗಿ ತಲೆಯೆತ್ತಿ. ಚಾವಣಿ ತುಂಬ ಕೆತ್ತನೆ ಕಾಣುತ್ತೆ, ಅಲ್ವಾ? ಕೆತ್ತನೆಯಲ್ಲ, ಬಣ್ಣ. ಇಬ್ಬರು ಇಟಾಲಿಯನ್ನರು ಬರೆದದ್ದು. ಇಲ್ಲಿ ಮದುವೆಗಳು ಜಾಸ್ತಿ, ಬಾಗಿಲು ಹಾಕಿದ್ದರೆ ಪಕ್ಕದ ಮ್ಯೂಸಿಯಂ ಟಿಕೆಟ್ ತಗೊಳ್ಳಿ. ಎದುರಿನ ಕಾಸಾ ಮನಿಲಾ ಸ್ಪೇನಿನವರ ಕಾಲದ ಸಿರಿವಂತರ ಮನೆಯ ಮಾದರಿಯಲ್ಲಿ ಆಮೇಲೆ ಕಟ್ಟಿದ ಪ್ರತಿರೂಪ, ಹೊತ್ತಿದ್ದರೆ ನೋಡಿ.

ಊಟ ಮುಗಿಸಿ, ಕೊಡೆ ಹಿಡಿದು ರಿಸಾಲ್ ಪಾರ್ಕಿಗೆ ನಡೆಯಿರಿ. ರಿಸಾಲ್‌ರ ಅಸ್ಥಿ ಇರುವುದು ಅಲ್ಲಿರುವ ಅವರ ಸ್ಮಾರಕದ ಕೆಳಗೇ.

ಪಾರ್ಕಿನಲ್ಲೇ ಇದೆ ಮಾನವಶಾಸ್ತ್ರದ ನ್ಯಾಷನಲ್ ಮ್ಯೂಸಿಯಂ. ಪ್ರವೇಶ ಉಚಿತ. ಕಾಲು ಸೋತಿದ್ದರೆ ಉಳಿದದ್ದೆಲ್ಲ ಬಿಡಿ, ಲಗುನಾ ತಾಮ್ರಪಟ ಎಲ್ಲಿದೆ ಅಂತ ಕೇಳಿ. 1989ರಲ್ಲಿ ಮನಿಲಾ ಹತ್ತಿರದ ಲಗುನಾ ಪ್ರಾಂತ್ಯದಲ್ಲಿ ನದಿಯೊಂದರ ಬಳಿ ಮರಳು ತೆಗೆಯುವಾಗ ಸಿಕ್ಕಿದ್ದು, ಹೆಚ್ಚುಕಡಿಮೆ ಒಂದು ಎ4 ಹಾಳೆಯಷ್ಟಿದೆ. 'ಕವಿ' ಅನ್ನುವ ಹಳೆಯ ಜಾವಾ ಲಿಪಿ, ಹಳೆಯ ಮಲಯ ಭಾಷೆ. ನಮಗೆ ಓದಲು ಬರಲ್ಲ. ಆದರೆ ಓದಿ ಹೇಳಿದರೆ ಮೊದಲ ಸಾಲು ಪೂರ್ತಿ ಅರ್ಥವಾಗುತ್ತೆ: ಸ್ವಸ್ತಿ, ಶಕ ವರ್ಷ 822, ವೈಶಾಖ ಮಾಸ, ಚತುರ್ಥಿ, ಕೃಷ್ಣಪಕ್ಷ, ಸೋಮವಾರ. ಅಂದರೆ ಕ್ರಿ.ಶ. 900. ಆಗ ನಮ್ಮಲ್ಲಿ ರಾಷ್ಟ್ರಕೂಟರ ಆಳ್ವಿಕೆ, ಅವರ ಎಷ್ಟೋ ಶಾಸನಗಳೂ "ಸ್ವಸ್ತಿ" ಅಂತಲೇ ಶುರುವಾಗುತ್ತವೆ. ಸ್ಪೇನಿನವರು ಬರುವುದಕ್ಕೆ ಆರು ನೂರು ವರ್ಷಕ್ಕೂ ಮೊದಲು ಈ ದ್ವೀಪದಲ್ಲಿ ಯಾರೋ ಪಂಚಾಂಗ ನೋಡಿ ಪತ್ರ ಬರೆಸಿದ್ದಾರೆ.

ಅಷ್ಟು ಹಳೆಯ ಪಟದಲ್ಲಿ ಯಾವ ರಾಜನ ಹೊಗಳಿಕೆ ಇದೆ ಅಂತೀರಾ? ಇದು ಸಾಲ ತೀರಿದ ಪತ್ರ! ನಮ್ವರನ್ ಎಂಬಾತನ ಚಿನ್ನದ ಸಾಲ ಚುಕ್ತಾ ಆಯಿತು ಅಂತ ಬರೆದಿದೆ. ಮುಂದೆ ಯಾವತ್ತಾದರೂ ಯಾರಾದರೂ ಈ ಸಾಲ ತೀರಿಲ್ಲ ಅಂದರೆ... ಅನ್ನುವಷ್ಟಕ್ಕೆ ತಗಡು ಮುಗಿದುಹೋಗುತ್ತೆ. ಮುಂದಿನ ತಗಡು ಇನ್ನೂ ಸಿಕ್ಕಿಲ್ಲ.