ಪುಸ್ತಕದ ಕೆಳಗಿನ ಚೀಟಿ ಬರೆಯುವುದು ಹೇಗೆ

ಮೈಸೂರಿನ ಶಿವರಾಂಪೇಟೆ ಹತ್ತಿರದ ಒಂದು ಪುಸ್ತಕದ ಅಂಗಡಿಯಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಾವು ನಾಲ್ಕು ಜನ ಇದ್ದೇವೆ. ನಮಗೆ ಇಷ್ಟವಾದ ಪುಸ್ತಕ ಇಟ್ಟ ಕಡೆ, ಶೆಲ್ಫಿನ ಅಂಚಿಗೆ ಒಂದು ಚೀಟಿ ಅಂಟಿಸುತ್ತೇವೆ. ಹೊಸದಾಗಿ ಸೇರಿದವರು "ಅಕ್ಕ, ಏನು ಬರೀಲಿ?" ಅಂತ ಪೆನ್ನು ಹಿಡಿದು ನಿಲ್ಲುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಲೈಬ್ರರಿ ನೋಡಿಕೊಳ್ಳುವವರಿಗೆ, ಶಾಲೆಯ ಮೇಷ್ಟ್ರಿಗೆ ಕೂಡ ಉಪಯೋಗಕ್ಕೆ ಬರಬಹುದು.

ಪೂರ್ತಿ ಓದಿದ ಪುಸ್ತಕಕ್ಕೆ ಮಾತ್ರ ಬರೆಯಿರಿ. ಬೆನ್ನುಪುಟದ ನಾಲ್ಕು ಸಾಲು ಇಳಿಸಿಕೊಂಡರೆ ಆಗುವುದಿಲ್ಲ, ಅದನ್ನು ಗಿರಾಕಿಯೇ ತಿರುಗಿಸಿ ಓದಿಕೊಳ್ಳುತ್ತಾರೆ. ಕೆಳಗೆ ನಿಮ್ಮ ಹೆಸರು ಹಾಕಿ. ನಾಳೆ ಅವರು ನಿಮ್ಮನ್ನೇ ಹುಡುಕಿಕೊಂಡು ಬಂದು "ಇದು ಹೇಗಿದೆ?" ಅಂತ ಕೇಳಿದಾಗ ಮಾತಾಡಲು ಬರಬೇಕು, ಅಲ್ವಾ?

"ಅದ್ಭುತ", "ಓದಲೇಬೇಕು" ಅನ್ನುವ ಮಾತು ಬೇಡ. ಅದನ್ನು ಅಂಗಡಿಯ ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು. ಯಾರಿಗೆ, ಯಾವಾಗ ಅನ್ನುವುದನ್ನು ಬರೆಯಿರಿ. ತೇಜಸ್ವಿಯವರ 'ಕರ್ವಾಲೊ' ಕೆಳಗೆ ನಾನು ಬರೆದಿರುವುದು ಇಷ್ಟೇ: "ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋದವರ ಕತೆ. ಕಾದಂಬರಿ ಓದಿ ಅಭ್ಯಾಸ ಇಲ್ಲದವರು ಇಲ್ಲಿಂದ ಶುರು ಮಾಡಿ. ಸಣ್ಣ ಪುಸ್ತಕ." ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವ ಮಂಡ್ಯದ ಹುಡುಗನೊಬ್ಬ ಆ "ಸಣ್ಣ ಪುಸ್ತಕ" ಅನ್ನುವ ಮಾತು ನೋಡಿಯೇ ಕೊಂಡ. ಹದಿನೈದು ದಿನಕ್ಕೆ ಬಂದು, ಇದೇ ಥರದ್ದು ಇನ್ನೊಂದು ಕೊಡಿ ಅಂದ.

ಒಳಗೆ ಏನಿದೆ ಅನ್ನುವುದನ್ನು ಮುಚ್ಚಿಡಬೇಡಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಇಲ್ಲೇ ಚಾಮರಾಜಪುರಂನಲ್ಲಿ ಇದ್ದ ತ್ರಿವೇಣಿಯವರ 'ಶರಪಂಜರ' ಅಂದರೆ ನನಗೆ ಪ್ರಾಣ. ಅದರ ಕೆಳಗೆ "ಪ್ರತಿಯೊಬ್ಬ ಹೆಣ್ಣುಮಗಳೂ ಓದಬೇಕಾದ ಕಾದಂಬರಿ" ಅಂತ ಬರೆದಿದ್ದೆ. ಒಬ್ಬರು ತವರಲ್ಲಿ ಬಾಣಂತನಕ್ಕೆ ಹೋಗಿದ್ದ ಹೆಂಡತಿಗೆ ಅಂತ ತೆಗೆದುಕೊಂಡು ಹೋದರು. ವಾರ ಬಿಟ್ಟು ವಾಪಸ್ ತಂದರು. ಬೈಯಲಿಲ್ಲ. ಪುಸ್ತಕವನ್ನು ಕೌಂಟರ್ ಮೇಲೆ ಇಟ್ಟು, "ರಾತ್ರಿಯೆಲ್ಲ ಅತ್ತಳು ಮೇಡಂ, ಮನೇಲಿ ಇಟ್ಕೊಳೋದು ಬೇಡ ಅಂದ್ರು ನಮ್ಮತ್ತೆ" ಅಂದರು. ದುಡ್ಡು ಕೂಡ ಕೇಳಲಿಲ್ಲ. ನಾನೇ ಬಲವಂತ ಮಾಡಿ ಕೊಟ್ಟೆ. ಅವತ್ತು ಸಂಜೆ ಚೀಟಿ ಕಿತ್ತು ಹೊಸದು ಬರೆದೆ: "ಹೆರಿಗೆಯಾದ ಮೇಲೆ ಮನಸ್ಸಿನ ಕಾಯಿಲೆಗೆ ಬಿದ್ದ ಕಾವೇರಿ ವಾಸಿಯಾಗಿ ಮನೆಗೆ ಬರುತ್ತಾಳೆ. ಸುತ್ತಲಿನವರು ಮಾತ್ರ ಅವಳನ್ನು ಕಾಯಿಲೆಯವಳಂತೆಯೇ ನೋಡುತ್ತಾರೆ. ಬಾಣಂತಿಗೆ ಈಗ ಬೇಡ. ಅವಳ ಗಂಡ, ಅತ್ತೆ, ಅಮ್ಮ ಓದಲಿ." ಆಮೇಲೆ ಗಂಡಸರೂ ಆ ಪುಸ್ತಕ ಕೈಗೆತ್ತಿಕೊಳ್ಳಲು ಶುರು ಮಾಡಿದರು.

ಓದುವವರಿಗೆ ಗೊತ್ತಿರುವ ಊರು ಪುಸ್ತಕದಲ್ಲಿ ಇದ್ದರೆ ಅದನ್ನೇ ಮೊದಲು ಹೇಳಿ. ಭೈರಪ್ಪನವರ 'ವಂಶವೃಕ್ಷ'ಕ್ಕೆ "ನಂಜನಗೂಡಿನ ಕಪಿಲೆ, ಮೈಸೂರಿನ ಕಾಲೇಜು, ನಡುವೆ ಕಾತ್ಯಾಯಿನಿ" ಅಂದರೆ ನಮ್ಮ ಕಡೆಯವರಿಗೆ ಸಾಕು.

ಭಾಷೆ ಕಷ್ಟ ಅನ್ನಿಸುವ ಪುಸ್ತಕಕ್ಕೆ ಓದುವ ದಾರಿಯನ್ನೂ ಹೇಳಬೇಕು. ದೇವನೂರ ಮಹಾದೇವ ಅವರ 'ಕುಸುಮಬಾಲೆ'ಯನ್ನು ಎರಡು ಪುಟ ನೋಡಿ ವಾಪಸ್ ಇಡುವವರೇ ಜಾಸ್ತಿ ಇದ್ದರು. "ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ" ಅಂತ ಚೀಟಿ ಹಾಕಿದೆ. ಒಂದು ಮಧ್ಯಾಹ್ನ ನಂಜನಗೂಡು ಕಡೆಯ ಹಿರಿಯರೊಬ್ಬರು ಅಲ್ಲೇ ನಿಂತು ಮೆಲ್ಲಗೆ ಓದತೊಡಗಿದರು. ಅರ್ಧ ಪುಟಕ್ಕೆ ನಿಲ್ಲಿಸಿ, ಕನ್ನಡಕ ತೆಗೆದು, "ನಮ್ಮವ್ವ ಇಂಗೇ ಮಾತಾಡ್ತಿದ್ಲು ಕಣವ್ವ" ಅಂದರು. ಬಿಲ್ ಮಾಡುವಾಗ ನನಗೂ ಗಂಟಲು ಕಟ್ಟಿತ್ತು.

"ಕತೆ ಬೇಡ, ನಿಜವಾದ್ದು ಕೊಡಿ" ಅನ್ನುವವರೂ ದಿನಾ ಬರುತ್ತಾರೆ. ಅವರಿಗೆ ಬರೆಯುವಾಗ ವಿಷಯದ ಹೆಸರಿನಿಂದ ಶುರು ಮಾಡಬೇಡಿ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೆಳಗೆ "ಸಸ್ಯಶಾಸ್ತ್ರ" ಅಂತ ಬರೆದರೆ ಯಾರೂ ಮುಟ್ಟುವುದಿಲ್ಲ. "ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ನೋಡಲು ಕಾಡು ಸುತ್ತಿದ ಮೇಷ್ಟ್ರು ನಗಿಸುತ್ತಾ ಹೇಳಿದ್ದು" ಅಂತ ಬರೆದೆ. 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯ ಮಾತು ಕೊನೆಯಲ್ಲಿ ಸಣ್ಣದಾಗಿ ಇದೆ. ಪ್ರಶಸ್ತಿ ನೋಡಿ ಪುಸ್ತಕ ಎತ್ತಿಕೊಳ್ಳುತ್ತಾರೆ, ಆದರೆ ಅದನ್ನು ನೋಡಿ ಯಾರೂ ಪುಟ ತಿರುಗಿಸುವುದಿಲ್ಲ. 'ಅಣ್ಣನ ನೆನಪು' ಪುಸ್ತಕಕ್ಕೆ ನಮ್ಮ ಹುಡುಗನೊಬ್ಬ ಬರೆದದ್ದು ನನ್ನದಕ್ಕಿಂತ ಚೆನ್ನಾಗಿದೆ: "ತೇಜಸ್ವಿ ತಮ್ಮ ಅಪ್ಪ ಕುವೆಂಪು ಬಗ್ಗೆ ಬರೆದದ್ದು. ಓದಿ ಮುಗಿಸಿ, ಒಂಟಿಕೊಪ್ಪಲಿನ ಉದಯರವಿ ಮನೆ ಮುಂದೆ ಒಂದು ಸಲ ನಡೆದು ಬನ್ನಿ."

ಸುದ್ದಿಯಲ್ಲಿರುವ ಪುಸ್ತಕಕ್ಕೂ ಚೀಟಿ ಬೇಕು. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು, ಅದೇ ವರ್ಷ ಅವರು ದಸರಾ ಉದ್ಘಾಟನೆಗೂ ಬಂದರು. ಎಲ್ಲರೂ ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಕೇಳುತ್ತಿದ್ದರು. "ಈ ಕತೆಗಳು ಹುಟ್ಟಿದ್ದು ಕನ್ನಡದಲ್ಲಿ. ಕನ್ನಡದ್ದು ಪಕ್ಕದಲ್ಲೇ ಇದೆ" ಅಂತ ಬರೆದೆವು.

ಇನ್ನು ಕೈಕೆಲಸ. ಪೋಸ್ಟ್ ಕಾರ್ಡಿನ ಅರ್ಧ ಅಳತೆಯ ದಪ್ಪ ಕಾಗದ ಸಾಕು. ಐದು ಸಾಲು ದಾಟಬೇಡಿ. ಪ್ರಿಂಟ್ ತೆಗೆಯಬೇಡಿ, ಕೈಬರಹವನ್ನು ಜನ ನಿಂತು ಓದುತ್ತಾರೆ. ಮಕ್ಕಳ ಪುಸ್ತಕದ ಚೀಟಿ ಮಕ್ಕಳ ಕಣ್ಣಿನ ಎತ್ತರಕ್ಕೆ ಇರಲಿ. ಹಿಂಭಾಗದಲ್ಲಿ ಪೆನ್ಸಿಲ್‌ನಿಂದ ತಾರೀಖು ಹಾಕಿ. ತಿಂಗಳಾದರೂ ಒಂದು ಪ್ರತಿಯೂ ಹೋಗದಿದ್ದರೆ ಪುಸ್ತಕ ತೆಗೆಯಬೇಡಿ, ಚೀಟಿ ಬದಲಾಯಿಸಿ ನೋಡಿ. ಪ್ರತಿಗಳು ಖಾಲಿಯಾದರೆ ಚೀಟಿಯನ್ನು ತಕ್ಷಣ ತೆಗೆಯಿರಿ, ಆಸೆಪಟ್ಟು ಬಂದವರು ಖಾಲಿ ಜಾಗ ನೋಡಬಾರದು. ನಾನು ಅದನ್ನು ಆರ್ಡರ್ ಪುಸ್ತಕದೊಳಗೆ ಇಟ್ಟಿರುತ್ತೇನೆ. ಸೋಮವಾರ ಪ್ರಕಾಶಕರಿಗೆ ಫೋನ್ ಮಾಡುವಾಗ ಮೊದಲು ಓದುವುದು ಆ ಚೀಟಿಗಳನ್ನೇ.