ಹೂವು, ಎಲೆ ಬಿಡಿಸಲು ಜಲವರ್ಣದ ಸ್ಕೆಚ್‌ಬುಕ್: ಕೊಳ್ಳುವ ಮುಂಚೆ ನೋಡಬೇಕಾದ್ದು

ಜಲವರ್ಣದ ಸ್ಕೆಚ್‌ಬುಕ್ ಕೊಳ್ಳಲು ಹೋದವರು ಮೊದಲು ಕೇಳುವುದು ‘ಎಷ್ಟು ಜಿಎಸ್‌ಎಂ?’ ಎಂದು, ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂದು. ಅಂಗಡಿಯವರೂ ‘300’ ಎಂದು ಹೇಳಿ ಪುಸ್ತಕ ಕೈಗಿಡುತ್ತಾರೆ. ಗಿಡ, ಹೂವು, ಕಾಯಿಗಳನ್ನು ಸೂಕ್ಷ್ಮವಾಗಿ ಬಿಡಿಸುವವರಿಗೆ ಆ ಅಂಕಿ ಅರ್ಧ ಸಂಗತಿಯನ್ನಷ್ಟೇ ಹೇಳುತ್ತದೆ. ಕಾಗದ ಎಷ್ಟು ದಪ್ಪ ಎಂಬುದಕ್ಕಿಂತ ಅದರ ಮೈ ಹೇಗಿದೆ, ಸೈಜಿಂಗ್, ಅಂದರೆ ನೀರು ಥಟ್ಟನೆ ಇಂಗದಂತೆ ತಡೆಯುವ ಅಂಟಿನ ಲೇಪ, ಗಟ್ಟಿಯಿದೆಯೇ ಎಂಬುದು ಮುಖ್ಯ. 300 ಜಿಎಸ್‌ಎಂ ಇದ್ದೂ ಬಣ್ಣ ಹಾಕಿದಲ್ಲೇ ಹೀರಿ ಮಂಕಾಗುವ ಪುಸ್ತಕಗಳಿವೆ. 200 ಇದ್ದೂ ಮೂರು ಪದರ ಸಲೀಸಾಗಿ ತಾಳುವವೂ ಇವೆ.

ಜಲವರ್ಣದ ಕಾಗದದ ಮೈ ಮೂರು ಬಗೆ. ತೀರಾ ಒರಟಾದ ರಫ್ ನಮಗೆ ಬೇಡ, ಅದು ಗುಡ್ಡ-ಮೋಡ ಬಿಡಿಸುವವರದ್ದು. ಉಳಿದದ್ದು ಕೋಲ್ಡ್ ಪ್ರೆಸ್ ಮತ್ತು ಹಾಟ್ ಪ್ರೆಸ್. ಒಣಗಿದ ಬ್ಯಾಡಗಿ ಮೆಣಸಿನಕಾಯಿಯೊಂದನ್ನು ಮುಂದಿಟ್ಟುಕೊಂಡು ಎರಡರ ಮೇಲೂ ಬಿಡಿಸಿ ನೋಡಿ. ಆ ಕಾಯಿಯ ಚೆಂದವೆಲ್ಲ ಸುಕ್ಕಿನಲ್ಲಿದೆ: ಪ್ರತಿ ಮಡಿಕೆಯ ನೆತ್ತಿಯ ಮೇಲೆ ಕೂದಲೆಳೆಯಷ್ಟು ಬೆಳಕು, ಅದರ ಮಗ್ಗುಲಲ್ಲೇ ಕಪ್ಪಿಗೆ ತಿರುಗಿದ ಕೆಂಪು. ಕೋಲ್ಡ್ ಪ್ರೆಸ್‌ನ ಉಬ್ಬುತಗ್ಗಿನ ಮೇಲೆ ಸೊನ್ನೆ ನಂಬರಿನ ಬ್ರಷ್ ಎಳೆದರೆ ಬಣ್ಣ ಉಬ್ಬಿಗೆ ತಾಗಿ ತಗ್ಗನ್ನು ಹಾರಿಬಿಡುತ್ತದೆ. ಬಿಟ್ಟುಳಿಸಿದ ಬೆಳಕಿನ ಗೆರೆ ಅಲ್ಲಲ್ಲಿ ತುಂಡಾಗಿ, ಸುಕ್ಕು ಇದ್ದಲ್ಲಿ ಬರೀ ಚುಕ್ಕೆ ಕಾಣುತ್ತದೆ. ಬಿಸಿ ರೋಲರಿನ ನಡುವೆ ಒತ್ತಿಸಿಕೊಂಡು ನಯವಾದ ಹಾಟ್ ಪ್ರೆಸ್‌ನಲ್ಲಿ ಅದೇ ಗೆರೆ ಅಖಂಡವಾಗಿ ಬರುತ್ತದೆ. ಆದರೆ ಹಾಟ್ ಪ್ರೆಸ್ ದೊಡ್ಡ ವಾಶ್‌ಗೆ, ಅಂದರೆ ನೀರು ಬೆರೆಸಿ ತೆಳುವಾಗಿ ಹರಡುವ ಬಣ್ಣದ ಪದರಕ್ಕೆ, ಸುಲಭವಾಗಿ ಒಗ್ಗುವುದಿಲ್ಲ: ನೀರು ಮೇಲೆಯೇ ನಿಂತು, ಒಣಗುವಾಗ ಅಂಚಿನಲ್ಲಿ ಗಾಢ ಗೆರೆ ಕಟ್ಟುತ್ತದೆ, ಅರ್ಧ ಒಣಗಿದ ಕಡೆ ಮತ್ತೆ ಬ್ರಷ್ ಆಡಿಸಿದರೆ ಹೂಕೋಸಿನಾಕಾರದ ಕಲೆ ಏಳುತ್ತದೆ. ಕಲಿಯುವ ಹಂತದಲ್ಲಿದ್ದವರಿಗೆ ಸಣ್ಣ ಉಬ್ಬುತಗ್ಗಿನ ಕೋಲ್ಡ್ ಪ್ರೆಸ್ ಒಳ್ಳೆಯದು. ಎಲೆಯ ನರ, ಕೇಸರ, ರೋಮಗಳಿಗೆ ಇಳಿದ ಮೇಲೆ ಹಾಟ್ ಪ್ರೆಸ್ಸೇ ಬೇಕು.

ಇನ್ನು ಸೈಜಿಂಗ್. ಬೆಟಗೇರಿಯ ಮಗ್ಗದ ಮನೆಗಳಲ್ಲಿ ಹಾಸಿನ ನೂಲಿಗೆ ಗಂಜಿ ಹಾಕುವ ಹಾಗೆ ಕಾಗದಕ್ಕೂ ಜೆಲಟಿನ್ ಅಥವಾ ಬೇರೆ ಅಂಟಿನ ಲೇಪ ಕೊಟ್ಟಿರುತ್ತಾರೆ. ನೀರು ಎಳೆಯೊಳಗೆ ಥಟ್ಟನೆ ಇಳಿಯದಂತೆ ತಡೆದು, ಬಣ್ಣವನ್ನು ಮೇಲೆಯೇ ಹಿಡಿದಿಡುವುದು ಇದೇ. ತೇವ ತಗುಲಿದ ಇಲ್ಲವೇ ಹಳೆಯ ದಾಸ್ತಾನಿನ ಪುಸ್ತಕದಲ್ಲಿ ಇದು ಅಲ್ಲಲ್ಲಿ ಸತ್ತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಾಶ್ ಹಾಕಿದ ಕೂಡಲೇ ಗಾಢ ಚುಕ್ಕೆಗಳು ಏಳುತ್ತವೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ.

ಹತ್ತಿಯೋ ಮರದ ತಿರುಳೋ ಎಂಬುದು ಮುಂದಿನ ಪ್ರಶ್ನೆ. ಹತ್ತಿ ಕಾಗದಕ್ಕೆ ಹೆಚ್ಚಾಗಿ ಬಳಸುವುದು ಲಿಂಟರ್, ಅಂದರೆ ಅರಳೆ ಬಿಡಿಸಿದ ಮೇಲೆ ಬೀಜಕ್ಕೆ ಅಂಟಿ ಉಳಿಯುವ ಗಿಡ್ಡ ಎಳೆ. ಹುಬ್ಬಳ್ಳಿಯ ಹತ್ತಿ ಪೇಟೆ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ನೂರಕ್ಕೆ ನೂರು ಹತ್ತಿಯ ಕಾಗದ ನೀರನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಐದಾರು ಪದರ ಹಾಕಿದರೂ ಕೆಳಗಿನ ಬಣ್ಣ ಎದ್ದು ಬರುವುದಿಲ್ಲ. ಆರ್ಶ್, ಫ್ಯಾಬ್ರಿಯಾನೊ ಆರ್ಟಿಸ್ಟಿಕೊ ಬ್ರಾಂಡ್‌ಗಳು ಈ ಜಾತಿಯವು. ಬ್ರಸ್ಟ್ರೋದಲ್ಲಿ 25 ಪ್ರತಿಶತ ಹತ್ತಿಯದ್ದೂ ಇದೆ, ಪೂರ್ತಿ ಹತ್ತಿಯದ್ದೂ ಇದೆ. ರಟ್ಟು ಓದದೆ ಕೊಂಡರೆ ಮೋಸ ಹೋಗುತ್ತೀರಿ. ಕ್ಯಾನ್ಸನ್ ಮೊಂಟ್ವಾಲ್ ಮರದ ತಿರುಳಿನದು, ಅಭ್ಯಾಸಕ್ಕೆ ಏನೂ ಕೊರತೆಯಿಲ್ಲ. ತಿರುಳಿನ ಕಾಗದಕ್ಕೆ ಒಂದು ಗುಣವೂ ಉಂಟು: ಒಣಗಿದ ಬಣ್ಣವನ್ನು ಒದ್ದೆ ಬ್ರಷ್‌ನಿಂದ ಎತ್ತಿ ಎಲೆಯ ನಡುನರವನ್ನು ಬಿಳಿಯಾಗಿ ಬಿಡಿಸುವುದು ಅದರಲ್ಲಿ ಸುಲಭ. ಎರಡನೇ ಪದರ ಹಾಕುವಾಗ ಮೊದಲಿನದು ಕದಡುವುದೂ ಅದೇ ಕಾರಣಕ್ಕೆ.

ಊರಿನ ಹವೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ತಿರುಳಿನ ಕಾಗದದ ಮೇಲೆ ಹಾಕಿದ ವಾಶ್ ಎಲೆಯ ತುದಿ ಮುಟ್ಟುವಷ್ಟರಲ್ಲಿ ಬುಡದಲ್ಲಿ ಒಣಗಿರುತ್ತದೆ. ಅಲ್ಲಿ ಕೂತು ಬಿಡಿಸುವವರಿಗೆ ಹತ್ತಿಯ ಪುಸ್ತಕಕ್ಕೆ ಕೊಟ್ಟ ಹೆಚ್ಚಿನ ದುಡ್ಡು ದಂಡವಲ್ಲ. ಧಾರವಾಡದ ಜುಲೈ ಜಿಟಿಜಿಟಿ ಮಳೆಯಲ್ಲಿ ತಾಪತ್ರಯ ಉಲ್ಟಾ: ಪದರ ಒಣಗಲು ಕಾಲು ತಾಸಾದರೂ ಕಾಯಬೇಕು. ಮುಟ್ಟಿದರೆ ತಣ್ಣಗಿದ್ದರೆ ಕಾಗದದೊಳಗೆ ಇನ್ನೂ ನೀರಿದೆ ಎಂದೇ ತಿಳಿಯಿರಿ.

ಗಾತ್ರವನ್ನು ನಿಮ್ಮ ಚೀಲ ನೋಡಿ ಅಲ್ಲ, ಗಿಡ ನೋಡಿ ಆರಿಸಿ. ಸಸ್ಯಚಿತ್ರ ಸಾಮಾನ್ಯವಾಗಿ ಇದ್ದ ಅಳತೆಗೇ ಬಿಡಿಸುವುದು. ತುಂಬೆ, ತಂಗಡಿಯ ಗೊಂಚಲು ಎ5ರಲ್ಲಿ, ಅಂದರೆ 148 × 210 ಮಿ.ಮೀ.ಯಲ್ಲಿ ಹಿಡಿಸುತ್ತವೆ. ಮುತ್ತುಗದ ಮೂರೆಲೆ ಎ4ಕ್ಕೂ ಇಕ್ಕಟ್ಟು. ಎಲೆ ಬಿಟ್ಟು ಹೂವಿನ ಟೊಂಗೆಯನ್ನಷ್ಟೇ ತೆಗೆದುಕೊಳ್ಳಿ. ಕಕ್ಕೆಯ ಜೋತುಬಿದ್ದ ಗೊಂಚಲಿಗೆ ಉದ್ದುದ್ದದ ಪುಟ ಬೇಕು. ತೂಕದ ಲೆಕ್ಕ: 300 ಜಿಎಸ್‌ಎಂನ ಎ5 ಹಾಳೆ ಒಂದಕ್ಕೆ ಸುಮಾರು 9.3 ಗ್ರಾಂ, ಎ4ಗೆ 18.7. ಇಪ್ಪತ್ತು ಹಾಳೆಯ ಎ4 ಪುಸ್ತಕ ರಟ್ಟು ಬಿಟ್ಟೇ 370 ಗ್ರಾಂ ದಾಟುತ್ತದೆ.

ಹೊಲಿಗೆ ಹಾಕಿದ ಪುಸ್ತಕ ಚಪ್ಪಟೆ ಬಿಚ್ಚಿಕೊಳ್ಳುತ್ತದೆ, ಎರಡು ಪುಟಕ್ಕೆ ಹಬ್ಬಿಸಿ ಬಿಡಿಸಬಹುದು. ಆದರೆ ಒಟ್ಟಿಗೆ ಮಡಚಿ ಹೊಲಿದ ಹಾಳೆಗಳ ಒಂದೊಂದು ಕಟ್ಟಿನ ನಟ್ಟನಡುವಿನ ಪುಟದಲ್ಲಿ ಮಾತ್ರ ಅದು ಒಂದೇ ಹಾಳೆ. ಉಳಿದೆಡೆ ಬಣ್ಣ ಸಂದಿಗೆ ಇಳಿದು ಹಿಂದಿನ ಹಾಳೆಗೆ ದಾಟುತ್ತದೆ. ಬರೀ ಅಂಟಿನ ಬೈಂಡಿಂಗ್ ಬೇಡವೇ ಬೇಡ, ಒದ್ದೆಯಾಗಿ ಒಣಗಿ ಹಾಳೆ ಕಿತ್ತು ಬರುತ್ತದೆ. ಸ್ಪೈರಲ್‌ನ ಅನುಕೂಲ ಹೊರಗೆ ಹೋದಾಗ: ಹಿಂದಕ್ಕೆ ಮಡಚಿ ತೊಡೆಯ ಮೇಲಿಟ್ಟುಕೊಳ್ಳಬಹುದು. ಗದಗಿನ ಕಪ್ಪತಗುಡ್ಡ ವನ್ಯಜೀವಿಧಾಮ, ಅಲ್ಲಿ ಗಿಡ ಕಿತ್ತು ಮನೆಗೆ ತರುವಂತಿಲ್ಲ, ಕೂತಲ್ಲೇ ಬಿಡಿಸಬೇಕು. ಗಾಳಿಯೂ ಜೋರು, ಎರಡು ಬುಲ್‌ಡಾಗ್ ಕ್ಲಿಪ್ ಜತೆಗಿರಲಿ. ಸ್ಪೈರಲ್‌ನಲ್ಲಿ ಪುಟಗಳು ಒಂದಕ್ಕೊಂದು ತಿಕ್ಕಿ ಬಣ್ಣ, ಪೆನ್ಸಿಲ್ ಎರಡೂ ಅಳಿಸುತ್ತವೆ. ನಡುವೆ ಬಟರ್ ಪೇಪರ್ ಇಡಿ.

ಕಾಗದಕ್ಕೆ ಒಂದು ದಿಕ್ಕಿನ ಎಳೆ ಇರುತ್ತದೆ, ಒದ್ದೆಯಾದಾಗ ಅದು ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ. ಪುಟವನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಗ್ಗಿಸಿ ನೋಡಿ; ಸುಲಭವಾಗಿ ಬಗ್ಗುವಾಗ ಮಡಿಕೆ ಬೈಂಡಿಂಗ್‌ಗೆ ಸಮಾಂತರವಾಗಿ ಬಂದರೆ ಎಳೆ ಸರಿಯಾಗಿದೆ. ಅಡ್ಡಲಾಗಿದ್ದರೆ ಹಾಳೆ ಹಿಗ್ಗಲು ಹೋಗುತ್ತದೆ, ಬೈಂಡಿಂಗ್ ಬಿಡುವುದಿಲ್ಲ. ಅಲ್ಲೇ ಅಲೆ ಏಳುತ್ತದೆ. ಕೊಳ್ಳುವಾಗ ಯಾರೂ ನೋಡದ ಸಂಗತಿ ಇದು.

ಬಿಳಿ ಹೂವು ಬಿಡಿಸುವವರು ಕಾಗದದ ಬಣ್ಣವನ್ನೂ ನೋಡಬೇಕು. ತುಂಬೆಯ ಬಿಳುಪು ಎಂದರೆ ಬಣ್ಣ ಹಾಕದೆ ಬಿಟ್ಟ ಕಾಗದವೇ. ನೀಲಿ ಹೊಳಪಿನ ಕಣ್ಣು ಕುಕ್ಕುವ ಬಿಳಿ ಬ್ರೈಟ್‌ನರ್ ಎಂಬ ಹೊಳಪಿನ ರಾಸಾಯನಿಕದಿಂದ ಬಂದದ್ದು, ಬೆಳಕಿಗೆ ಬಿದ್ದು ಕ್ರಮೇಣ ಮಾಸುತ್ತದೆ. ಸಹಜ ಬಿಳಿಯ, ಆಸಿಡ್-ಫ್ರೀ ಕಾಗದ ತೆಗೆದುಕೊಳ್ಳಿ.

ಪುಸ್ತಕ ಮನೆಗೆ ಬಂದ ಮೇಲೆ ಕೊನೆಯ ಪುಟವನ್ನು ಪರೀಕ್ಷೆಗೆ ಮೀಸಲಿಡಿ. ಮೊದಲು ಒಂದು ಹನಿ ನೀರು: ಎರಡು ನಿಮಿಷವಾದರೂ ಮೇಲೆಯೇ ನಿಲ್ಲಬೇಕು. ತಕ್ಷಣ ಇಂಗಿ ಹಿಂಬದಿ ಕಪ್ಪಿಟ್ಟರೆ ಸೈಜಿಂಗ್ ಇಲ್ಲವೆಂದೇ ಅರ್ಥ. ಆಮೇಲೆ 2ಎಚ್ ಪೆನ್ಸಿಲ್‌ನಿಂದ ಗೆರೆ ಎಳೆದು, ಅರ್ಧ ಗೆರೆಯನ್ನು ಗಟ್ಟಿ ರಬ್ಬರಿನಿಂದ, ಅರ್ಧವನ್ನು ಕಣಕದಂತೆ ನಾದಬಹುದಾದ ಮೆತ್ತನೆಯ ನೀಡೆಡ್ ರಬ್ಬರಿನಿಂದ ಅಳಿಸಿ, ಅದರ ಮೇಲೆ ತೆಳು ಹಸಿರು ವಾಶ್ ಹಾಕಿ. ಗಟ್ಟಿ ರಬ್ಬರ್ ತಿಕ್ಕಿದ ಕಡೆ ಹಸಿರು ಗಾಢವಾದರೆ ಮೈ ಕಿತ್ತಿದೆ; ಆ ಪುಸ್ತಕದಲ್ಲಿ ಅಳಿಸುವ ಕೆಲಸ ಬೇಡ, ಬೇರೆ ಹಾಳೆಯಲ್ಲಿ ಬಿಡಿಸಿ ಟ್ರೇಸ್ ಮಾಡಿ. ಕೊನೆಗೆ ಮೂರು ಪದರ ಒಂದರ ಮೇಲೊಂದು, ಪ್ರತಿಯೊಂದೂ ಪೂರ್ತಿ ಒಣಗಿದ ಮೇಲೆ. ಮೂರನೆಯದರಲ್ಲಿ ಬ್ರಷ್‌ಗೆ ಸಣ್ಣ ಉಂಡೆಗಳು ಸಿಕ್ಕರೆ ಎಳೆ ಕಿತ್ತು ಬರುತ್ತಿದೆ, ಎರಡೇ ಪದರಕ್ಕೆ ನಿಲ್ಲಿಸುವುದು ಲೇಸು.

ಒಂದೇ ಪುಸ್ತಕದಲ್ಲಿ ಎಲ್ಲ ಕೆಲಸ ಆಗಲಿ ಎಂಬ ಆಸೆ ಬಿಡಿ. ಹತ್ತಿ ಹೂವು ಅರಳಿದ ದಿನ ಕೆನೆ-ಹಳದಿ, ಮರುದಿನಕ್ಕೆ ನಸುಗೆಂಪು. ಹೊಲದಲ್ಲೇ ಬಣ್ಣ ಗುರುತು ಹಾಕಿಕೊಳ್ಳಲು 200 ಜಿಎಸ್‌ಎಂನ ಅಗ್ಗದ ಎ5 ಸ್ಪೈರಲ್ ಸಾಕು. ಮೇಜಿನ ಮೇಲಿನ ಅಂತಿಮ ಚಿತ್ರಕ್ಕೆ ಪೂರ್ತಿ ಹತ್ತಿಯ ಹಾಟ್ ಪ್ರೆಸ್. ಅಂಥ ಪುಸ್ತಕ ತುಟ್ಟಿ ಎನಿಸಿದರೆ 56 × 76 ಸೆಂ.ಮೀ.ಯ ಬಿಡಿ ಹಾಳೆ ತಂದು 28 × 19ರ ಎಂಟು ತುಂಡು ಮಾಡಿ, ನಡುವೆ ಮಡಚಿ, ಎರಡೆರಡರ ನಾಲ್ಕು ಕಟ್ಟು ಹೊಲಿಯಿರಿ: 14 × 19ರ 32 ಪುಟ ಸಿಗುತ್ತದೆ. ನಾಲ್ಕು ತುಂಡನ್ನು ಒಂದೇ ಕಟ್ಟಿಗೆ ತುರುಕಿದರೆ ದಪ್ಪಕ್ಕೆ ಬೆನ್ನು ಉಬ್ಬಿ ಪುಸ್ತಕ ಮುಚ್ಚುವುದಿಲ್ಲ.

ಮಳೆಗಾಲದಲ್ಲಿ ಖಾಲಿ ಪುಸ್ತಕವನ್ನೂ ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಜೆಲಟಿನ್ ಬೂಷ್ಟಿಗೆ ಒಳ್ಳೆಯ ಆಹಾರ. ಬಣ್ಣದಲ್ಲಿರುವ ಗೋಂದು ತೇವಕ್ಕೆ ಮತ್ತೆ ಅಂಟಾಗುವುದರಿಂದ, ಬಿಡಿಸಿದ ಪುಟವನ್ನು ರಾತ್ರಿಯಿಡೀ ಬಿಚ್ಚಿಟ್ಟು ಬೆಳಗ್ಗೆ ಮುಚ್ಚಿ.